ನಡೆಯುವ ಹಿಂಡಿನ ತೇಗು ಅಳೆಯುವುದು ಹೇಗೆ?

ದೀಪಾವಳಿಯ ಆಸುಪಾಸಿನಲ್ಲಿ ಬಾರಾಮತಿ, ಫಲಟಣ ಸೀಮೆಯ ಕುರಿಗಾಹಿ ಧನಗರರು ಹಿಂಡು ಹೊಡೆದುಕೊಂಡು ಪುಣೆ ಜಿಲ್ಲೆಯ ಘಟ್ಟ ದಾಟಿ ಕೊಂಕಣಕ್ಕೆ ಇಳಿಯುತ್ತಾರೆ. ಮಳೆಗಾಲಕ್ಕೆ ಮುಂಚೆ ಮರಳುತ್ತಾರೆ. ಈ ಕುರಿಗಳು ತೇಗಿದಾಗ ಹೊರಬರುವ ಮೀಥೇನ್ ಒಂದು ಹಸಿರುಮನೆ ಅನಿಲ. ಪುಣೆ ಬಳಿಯ ಸಿಂಹಗಡದ ನೆತ್ತಿಯಲ್ಲಿ ನಗರದ ಉಷ್ಣವಲಯ ಹವಾಮಾನ ಸಂಸ್ಥೆ (ಐಐಟಿಎಂ) ಗಾಳಿಯ ಮಾದರಿ ಹಿಡಿದು ಹಸಿರುಮನೆ ಅನಿಲಗಳನ್ನು ಅಳೆಯುತ್ತಿದೆ. ಆದರೆ ಗುಡ್ಡದ ಗಾಳಿಯಲ್ಲಿ ಭತ್ತದ ಗದ್ದೆ, ಕಸದ ರಾಶಿ, ದನ, ಕುರಿ ಎಲ್ಲದರ ಮೀಥೇನೂ ಬೆರೆತಿರುತ್ತದೆ. ಅದರಲ್ಲಿ ಧನಗರನ ಕುರಿಯ ಪಾಲೆಷ್ಟು?

ಸದ್ಯದ ಉತ್ತರ ಕಾಗದದ ಮೇಲಿನದು. ಅಭಿವೃದ್ಧಿಶೀಲ ದೇಶಗಳ ಕುರಿಯೊಂದಕ್ಕೆ ವರ್ಷಕ್ಕೆ 5 ಕಿಲೋ ಮೀಥೇನ್ ಎಂಬ, ವಿಶ್ವಸಂಸ್ಥೆಯ ಹವಾಮಾನ ಸಮಿತಿ ಐಪಿಸಿಸಿಯ ಸಿದ್ಧ ಅಂಕಿಯನ್ನು ತಲೆ ಎಣಿಕೆಯಿಂದ ಗುಣಿಸಿದರಾಯಿತು. 2019ರ ಜಾನುವಾರು ಗಣತಿಯಂತೆ ದೇಶದಲ್ಲಿ 7.4 ಕೋಟಿ ಕುರಿಗಳಿದ್ದವು. ಕೊಟ್ಟಿಗೆಯ ಮೇವಿಗೂ, ಬೇಸಿಗೆಯ ಒಣ ಹುಲ್ಲು, ಜಾಲಿ ಕಾಯಿಗೂ ಈ ಗುಣಾಕಾರ ಭೇದವೆಣಿಸದು.

ಅಳೆಯುವ ದಾರಿ ಇಲ್ಲವೆಂದಲ್ಲ. ಮೀಥೇನ್ ಬಹುಪಾಲು ಹೊರಬರುವುದು ತೇಗಿನಲ್ಲಿ, ಬಾಯಿ-ಮೂಗಿನಿಂದ. ಸಲ್ಫರ್ ಹೆಕ್ಸಾಫ್ಲೋರೈಡ್ ತುಂಬಿದ ಪುಟ್ಟ ಕೊಳವೆಯನ್ನು ಹೊಟ್ಟೆಗಿಳಿಸಿ, ಕುತ್ತಿಗೆಗೆ ಕಟ್ಟಿದ ಡಬ್ಬಿಯಲ್ಲಿ ಉಸಿರು ಹಿಡಿದರೆ ಲೆಕ್ಕ ಸಿಗುತ್ತದೆ. ಮೇಯುವ ಪ್ರಾಣಿಗೆಂದೇ ರೂಪಿಸಿದ ಈ ವಿಧಾನವನ್ನು ಬೆಂಗಳೂರಿನ ರಾಷ್ಟ್ರೀಯ ಪಶು ಪೋಷಣೆ ಮತ್ತು ಶರೀರಕ್ರಿಯಾ ಸಂಸ್ಥೆಯವರು ಬಲ್ಲರು. (ಮೀಥೇನ್ ಅಳೆಯಲು ಬಳಸುವ ಅನಿಲ ತಾನೇ ಇಂಗಾಲದ ಡೈ ಆಕ್ಸೈಡ್‌ಗಿಂತ 20 ಸಾವಿರ ಪಟ್ಟಿಗೂ ಹೆಚ್ಚು ಬಿಸಿ ಹಿಡಿಯುವಂಥದ್ದು! ಬಳಸುವುದು ಮಿಲಿಗ್ರಾಂ ಲೆಕ್ಕದಲ್ಲಿ, ಬಿಡಿ.)

ಕಡಿಮೆ ಮಾಡುವ ಮಾತು ಬಂದಾಗ ಇದೇ ಸಂಸ್ಥೆಯ ‘ಹರಿತ್ ಧಾರಾ’ ಪುಡಿಯ ಹೆಸರು ಕೇಳುತ್ತದೆ. ಟ್ಯಾನಿನ್ ಇರುವ ಈ ಪುಡಿ ಮೀಥೇನನ್ನು ಶೇ 17-20ರಷ್ಟು ತಗ್ಗಿಸುತ್ತದೆ. ಗೋದಲಿಯಲ್ಲಿ ತಿನ್ನುವ ಹಸುವಿಗೆ ಸರಿ. ದಿನವಿಡೀ ನಡೆದು ಹೊಟ್ಟೆ ತುಂಬಿಸಿಕೊಳ್ಳುವ ಕುರಿಗೆ ಪುಡಿ ತಿನ್ನಿಸುವವರು ಯಾರು?

ನನಗೆ ಹೆಚ್ಚು ಆಸೆ ಹುಟ್ಟಿಸುವುದು ಫಲಟಣದ ಕೆಲಸ. ಅಲ್ಲಿನ ನಿಂಬಕರ್ ಕೃಷಿ ಸಂಶೋಧನಾ ಸಂಸ್ಥೆ ಸುಂದರಬನದ ಗರೋಲ್ ಕುರಿಯ ‘ಫೆಕ್-ಬಿ’ ಜೀನನ್ನು ನಮ್ಮ ದಖನಿ ಕುರಿಗೆ ಕೂಡಿಸಿ ಅವಳಿ ಈಯುವ ‘ನಾರಿ ಸುವರ್ಣ’ ತಳಿ ಬೆಳೆಸಿತು. ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯವೂ ಜೊತೆಗಿತ್ತು. 2008ರ ನವೆಂಬರ್‌ನಲ್ಲಿ ಪುಣೆಯಲ್ಲೇ ಈ ಜೀನ್ ಕುರಿತು ಅಂತರರಾಷ್ಟ್ರೀಯ ಕಾರ್ಯಾಗಾರ ನಡೆಯಿತು. ಈ ತಳಿ ಬೆಳೆಸುವ ಕೆಲಸ ನಡೆದದ್ದು ಧನಗರರ ಆದಾಯಕ್ಕಾಗಿ, ಹವಾಮಾನಕ್ಕಾಗಿ ಅಲ್ಲ. ಆದರೂ ತಾಯಿಕುರಿ ಒಂದು ಮರಿ ಹಾಕಲಿ, ಎರಡು ಹಾಕಲಿ, ವರ್ಷವಿಡೀ ಮೇಯುತ್ತದೆ, ತೇಗುತ್ತದೆ. ಎರಡು ಮರಿ ಉಳಿದರೆ ಕಿಲೋ ಮಾಂಸಕ್ಕೆ ಬೀಳುವ ಮೀಥೇನ್ ಇಳಿಯಲೇಬೇಕು. ತೊಡಕುಗಳೂ ಇವೆ. ಅವಳಿ ಮರಿಗೆ ಹಾಲು ಸಾಲಬೇಕು, ಘಟ್ಟ ಇಳಿಯುವಾಗ ಎಳೆಯದನ್ನು ಹೊರಬೇಕು. ಲಾಭ ಬಂತೆಂದು ಹಿಂಡು ಬೆಳೆಸಿದರೆ ಒಟ್ಟು ಅನಿಲ ಇಳಿಯದು.

2030ಕ್ಕೆ ಶೇ 30 ಮೀಥೇನ್ ಕಡಿತದ ಜಾಗತಿಕ ಪ್ರತಿಜ್ಞೆಗೆ ಭಾರತ ಸಹಿ ಹಾಕಿಲ್ಲ. ಸಣ್ಣ ಹಿಡುವಳಿಯವರ ಬದುಕಿನ ಪ್ರಶ್ನೆ ಇರುವಾಗ ಅದು ತಪ್ಪಲ್ಲ. ಆದರೆ ಸಹಿ ಹಾಕದಿರುವುದು ಅಳೆಯದಿರಲು ನೆಪವಾಗಬಾರದು. ಹೊಲದಲ್ಲಿ ರಾತ್ರಿ ಮಂದೆ ತರುಬಿ ಗೊಬ್ಬರ ಕೊಡುವ ಕುರಿಯ ಲೆಕ್ಕದಲ್ಲಿ, ಅದರಿಂದ ಉಳಿದ ಯೂರಿಯಾದ ಚೀಲವೂ ಜಮೆಯಾಗಬೇಕಲ್ಲವೇ? ಬೆಂಗಳೂರಿನ ಡಬ್ಬಿ, ಪುಣೆಯ ವಿಜ್ಞಾನಿಗಳು, ಫಲಟಣದ ಕುರಿ ಮೂರೂ ಇವೆ. ಬಾರಾಮತಿಯಿಂದ ಕೊಂಕಣಕ್ಕೆ, ಅಲ್ಲಿಂದ ಹಿಂದಕ್ಕೆ, ಒಂದು ಹಿಂಡಿನ ಜೊತೆ ಒಂದು ವರ್ಷ ಅವರು ನಡೆಯಲಿ.