ದ್ರವ ಇಂಗಾಲದ ಡೈ ಆಕ್ಸೈಡಿನ ಟ್ಯಾಂಕು ಮತ್ತು ನಮ್ಮ ಪಾಠಗಳು

ಸೋಡಾ ಮೊದಲಾದ ಪಾನೀಯಗಳ ತಯಾರಿಕೆಗೂ ಲೋಹಗಳ ಬೆಸುಗೆಗೂ ಬೆಂಕಿಯನ್ನು ನಂದಿಸುವುದಕ್ಕೂ ಇಂಗಾಲದ ಡೈ ಆಕ್ಸೈಡ್ ಬೇಕು. ಹೆಚ್ಚಾಗಿ ಬೇಕಾದೆಡೆಗಳಲ್ಲಿ ಅದನ್ನು ದ್ರವರೂಪದಲ್ಲಿ, ಶಾಖವನ್ನು ತಡೆಯುವ ಕವಚವುಳ್ಳ ಉಕ್ಕಿನ ಟ್ಯಾಂಕುಗಳಲ್ಲಿ, ಸಾಮಾನ್ಯವಾಗಿ -20 ಡಿಗ್ರಿ ಸೆಂಟಿಗ್ರೇಡಿನ ಆಸುಪಾಸಿನಲ್ಲಿ ಸಂಗ್ರಹಿಸುತ್ತಾರೆ. ಈ ಟ್ಯಾಂಕುಗಳ ಬಗ್ಗೆ ಕೇಳಿಬರುವ ದೂರುಗಳು ಮುಖ್ಯವಾಗಿ ಎರಡು: ಒತ್ತಡ ಏರುತ್ತದೆ ಅಥವಾ ಇಳಿಯುತ್ತದೆ ಎಂಬುದೊಂದು, ಇರಬಾರದ ಕಡೆ ಹಿಮ ಕಟ್ಟಿಕೊಳ್ಳುತ್ತದೆ ಎಂಬುದಿನ್ನೊಂದು. ಇಂಥ ದೋಷಗಳನ್ನು ಕಂಡುಹಿಡಿಯುವುದು ಕೇವಲ ಮೆಕ್ಯಾನಿಕ್ಕನ ಕೆಲಸವೆಂದು ಅನೇಕರು ತಿಳಿದಿದ್ದಾರೆ. ಇದು ಭೌತಶಾಸ್ತ್ರದ ಪಾಠವೇ ಆಗಿದೆ ಎಂಬುದು ನಮ್ಮ ಅಭಿಪ್ರಾಯ.

ಮುಚ್ಚಿದ ಪಾತ್ರೆಯಲ್ಲಿ ದ್ರವವೂ ಅದರ ಆವಿಯೂ ಜೊತೆಗಿರುವಾಗ, ಆವಿಯ ಒತ್ತಡವು ಉಷ್ಣತೆಯೊಂದನ್ನೇ ಅವಲಂಬಿಸುತ್ತದೆಯೆಂದು ವಿದ್ಯಾರ್ಥಿಗಳು ಓದಿಯೇ ಇರುತ್ತಾರೆ. ಇಂಗಾಲದ ಡೈ ಆಕ್ಸೈಡಿಗೆ ಈ ಒತ್ತಡ -20 ಡಿಗ್ರಿಯಲ್ಲಿ ಸುಮಾರು 20 ಬಾರ್. 0 ಡಿಗ್ರಿಯಲ್ಲಿ 35. 20 ಡಿಗ್ರಿಯಲ್ಲಿ 57. ಎಂದಮೇಲೆ ಟ್ಯಾಂಕಿನ ಒತ್ತಡಮಾಪಕವು ಒಂದು ಉಷ್ಣತಾಮಾಪಕವೂ ಹೌದು. ಎರಡೂ ಕೂಡಿಯೇ ಏರುತ್ತಿದ್ದರೆ ಹೊರಗಿನ ಶಾಖ ಒಳನುಗ್ಗುತ್ತಿದೆ. ತಂಪುಯಂತ್ರ ನಿಂತಿರಬೇಕು, ಇಲ್ಲವೆ ಕವಚ ಕೆಟ್ಟಿರಬೇಕು. ಉಷ್ಣತೆಗೆ ತಕ್ಕುದಕ್ಕಿಂತ ಒತ್ತಡ ಹೆಚ್ಚಿದ್ದರೆ, ದ್ರವವಾಗದ ಗಾಳಿ ಒಳಗೆ ಸೇರಿರಬಹುದು. ಅಥವಾ ಮಾಪಕವೇ ಸುಳ್ಳು ಹೇಳುತ್ತಿರಬಹುದು. ಎರಡೂ ಕೂಡಿಯೇ ಇಳಿಯುತ್ತಿದ್ದರೆ ಅನಿಲವನ್ನು ಅತಿಯಾಗಿ ಸೆಳೆಯಲಾಗುತ್ತಿದೆ. ಆವಿಯಾಗಲು ಬೇಕಾದ ಗುಪ್ತೋಷ್ಣವನ್ನು ದ್ರವವು ತನ್ನಿಂದಲೇ ತೆತ್ತು ತಣ್ಣಗಾಗುತ್ತಿದೆ.

ಈ ಇಳಿತಕ್ಕೆ ಒಂದು ಎಲ್ಲೆಯುಂಟು. ಒತ್ತಡ 5.2 ಬಾರಿಗೂ ಉಷ್ಣತೆ -56.6 ಡಿಗ್ರಿಗೂ ಇಳಿದಾಗ ದ್ರವವು ಘನವಾಗತೊಡಗುತ್ತದೆ. ಅದಕ್ಕಿಂತ ಕಡಿಮೆ ಒತ್ತಡದಲ್ಲಿ ದ್ರವವೇ ಇರಲಾರದು. ಟ್ಯಾಂಕಿನೊಳಗೆ ಶುಷ್ಕಹಿಮ ಕಟ್ಟಿಕೊಳ್ಳುತ್ತದೆ. ಅಷ್ಟು ಚಳಿಯಲ್ಲಿ ಸಾಧಾರಣ ಉಕ್ಕು ಗಾಜಿನಂತೆ ಬಿರುಸಾಗುತ್ತದೆ. ಆಗ ಅವಸರದಿಂದ ದ್ರವ ತುಂಬಿ ಒತ್ತಡವೇರಿಸಲು ಹೊರಟರೆ ಟ್ಯಾಂಕೇ ಸೀಳಬಹುದು.

ಇನ್ನು ಹಿಮದ ವಿಷಯ. ದ್ರವವನ್ನು ಅನಿಲವಾಗಿಸುವ ಕೊಳವೆಸುರುಳಿಯ ಮೇಲೆ ತೆಳ್ಳಗೆ ಹಿಮವಿರುವುದು ಸಹಜ. ಗಾಳಿಯ ತೇವವೇ ಅಲ್ಲಿ ಹೆಪ್ಪುಗಟ್ಟುತ್ತದೆ. ಅದು ದಪ್ಪವಾದಷ್ಟೂ ಶಾಖ ಒಳಹೋಗುವುದು ಕಡಿಮೆಯಾಗಿ, ಸುರುಳಿ ಕೆಲಸಕ್ಕೆ ಸಾಲದೆಹೋಗುತ್ತದೆ. ಟ್ಯಾಂಕಿನ ಹೊರಮೈಯಲ್ಲಿ ಒಂದೇ ಕಡೆ ಹಿಮದ ತೇಪೆ ಕಂಡರೆ, ಅಲ್ಲಿ ಕವಚ ನೆನೆದಿದೆ ಅಥವಾ ಹರಿದಿದೆ. ನಿರ್ವಾತ ಕವಚದ ಟ್ಯಾಂಕಿನ ಮೈಯೆಲ್ಲ ಬೆಳ್ಳಗಾದರೆ ನಿರ್ವಾತವೇ ಹಾಳಾಗಿದೆ. ಸುರಕ್ಷಾಕವಾಟದ ಬಾಯಲ್ಲಿ ಹಿಮವಿದ್ದರೆ ಕವಾಟ ಸೋರುತ್ತಿದೆ. ಇದನ್ನು ಕೆರೆದುಹಾಕಿ ಸುಮ್ಮನಾಗುವುದು ರೋಗಿಯ ಜ್ವರ ನೋಡದೆ ಬೆವರನ್ನು ಒರೆಸಿದಂತೆ.

ಈ ಅಲಕ್ಷ್ಯದ ಬೆಲೆ ಸಣ್ಣದಲ್ಲ. 1969ರ ಜನವರಿ 2ರಂದು ಹಂಗೆರಿಯ ರೇಪ್ಸೆಲಾಕ್ ಎಂಬಲ್ಲಿ ಇಂತಹ ಟ್ಯಾಂಕುಗಳು ಸಿಡಿದು ಒಂಬತ್ತು ಮಂದಿ ಸತ್ತರು. 1988ರಲ್ಲಿ ಜರ್ಮನಿಯ ವೋರ್ಮ್ಸ್ ಪಟ್ಟಣದಲ್ಲಿ ಮತ್ತೊಂದು ಟ್ಯಾಂಕು ಸಿಡಿದು ಮೂವರು ಸತ್ತರು. ಒಳಗಿನ ಕಾಯಿಸುವ ಸಾಧನ ಎಡೆಬಿಡದೆ ಉರಿದು, ಸುರಕ್ಷಾಕವಾಟ ಹಿಮದಿಂದ ಕಟ್ಟಿಹೋಗಿರಬೇಕೆಂದು ಅಲ್ಲಿ ಶಂಕಿಸಲಾಯಿತು. ಆದಕಾರಣ ಕವಾಟ ಸೋರುತ್ತಿದೆಯೆಂದು ಅದರ ಬಾಯಿಗೆ ಬಿರಟೆ ಹಾಕುವಂಥ ಉಪಾಯ ಎಂದಿಗೂ ಕೂಡದು. ಎರಡು ಮುಚ್ಚಿದ ಕವಾಟಗಳ ನಡುವೆ ದ್ರವ ಸಿಕ್ಕಿಬೀಳುವುದೂ ಅಷ್ಟೇ ಅಪಾಯಕರ. -20 ಡಿಗ್ರಿಯ ದ್ರವ 20 ಡಿಗ್ರಿಗೆ ಬರುವಾಗ ಅದರ ಗಾತ್ರ ಸುಮಾರು ಮೂರನೆಯ ಒಂದು ಪಾಲು ಹೆಚ್ಚುತ್ತದೆ. ಹಿಗ್ಗಲು ಎಡೆಯಿಲ್ಲದಿದ್ದರೆ ಕೊಳವೆ ಒಡೆಯದೆ ವಿಧಿಯಿಲ್ಲ. ಸೋರಿದ ಅನಿಲ ಗಾಳಿಗಿಂತ ಒಂದೂವರೆಪಟ್ಟು ಭಾರವಾದುದರಿಂದ ತಗ್ಗಿನಲ್ಲಿ ನಿಂತು ಉಸಿರುಗಟ್ಟಿಸುತ್ತದೆಂಬುದನ್ನೂ ಮರೆಯಬಾರದು.

ಲಿಖಿತ ಸೂಚನೆಗಳನ್ನು ಪಾಲಿಸಿದರೆ ಸಾಲದೆ, ಕೆಲಸಗಾರನಿಗೆ ಶಾಸ್ತ್ರವೇಕೆ ಎಂದು ಕೆಲವರು ಕೇಳಬಹುದು. ಸೂಚನೆಗಳು ಅವಶ್ಯವೇ, ಆದರೆ ಬರೆದವರು ಊಹಿಸದ ಸಂದರ್ಭ ಒದಗಿದಾಗ ಕಾರಣವನ್ನರಿತವನು ಮಾತ್ರವೇ ಸರಿಯಾದ ಕವಾಟಕ್ಕೆ ಕೈ ಹಾಕಬಲ್ಲನು. ನಮ್ಮ ಕಾಲೇಜುಗಳಲ್ಲಾದರೋ ಆವಿಯ ಒತ್ತಡದ ರೇಖೆಯನ್ನು ನೀರಿಗಾಗಿ ಒಮ್ಮೆ ಬರೆಸಿ, ಪರೀಕ್ಷೆಯ ಮಾರನೆಯ ದಿನ ಮರೆಯಗೊಡುತ್ತೇವೆ. ಅದೇ ರೇಖೆಯನ್ನು ಇಂಗಾಲದ ಡೈ ಆಕ್ಸೈಡಿಗೂ ಬರೆಸಿ, "ಮಾಪಕ 35 ಬಾರ್ ತೋರಿಸುತ್ತಿದೆ, ದ್ರವದ ಉಷ್ಣತೆ -20 ಡಿಗ್ರಿ ಇದೆ, ಏನಾಗಿರಬೇಕು?" ಎಂಬಂತಹ ಪ್ರಶ್ನೆಗಳನ್ನು ಕೇಳುವುದು ಲೇಸು. ಇದಕ್ಕೆ ಹೊಸ ಉಪಕರಣ ಬೇಡ. ಗ್ರಾಫಿನ ಕಾಗದವೂ ಒಂದು ಗಂಟೆಯ ಕಾಲವೂ ಸಾಕು. ಇಂದು ತರಗತಿಯಲ್ಲಿ ಕುಳಿತವರಲ್ಲಿ ಕೆಲವರಾದರೂ ನಾಳೆ ಇಂತಹ ಟ್ಯಾಂಕಿನ ಬಳಿ ನಿಲ್ಲುವವರು.