ಅಗ್ಗದ ಗರಗಸಕ್ಕೆ ಬೆರಳಿನ ಬೆಲೆ

ಕಾಸರಗೋಡಿನ ನಮ್ಮ ಹಳ್ಳಿಗಳಲ್ಲಿ ಈಗ ಹೊಸದೊಂದು ಹುಚ್ಚು. ಹಟ್ಟಿಯಲ್ಲಿ ದನ ಇಲ್ಲ, ಹಾಗಾಗಿ ಹಟ್ಟಿಯೇ ಮರಗೆಲಸದ ಶೆಡ್ಡು! ಒಳ್ಳೆಯ ಹುಚ್ಚೇ ಅನ್ನಿ. ಹಳೆ ಮನೆ ಕೆಡವಿದಾಗ ಸಿಕ್ಕಿದ ಪಕ್ಕಾಸು, ದಾರಂದಗಳು ಸೌದೆಯಾಗುವ ಬದಲು ಮೇಜು, ಮಣೆ, ಕಪಾಟು ಆಗುತ್ತವೆ. ವೃತ್ತಿ ಪರಿಚಯ ಮೇಳಕ್ಕೆ ಮಕ್ಕಳಿಂದ ಮರದ ಕೆಲಸ ಮಾಡಿಸುವ ನಮ್ಮಂಥ ಮೇಷ್ಟ್ರುಗಳಿಗೆ ಸಂತೋಷವೇ. ಆದರೆ ಶೆಡ್ಡು ಎದ್ದ ಮರುವಾರವೇ ಒಂದು ಪ್ರಶ್ನೆ ಬರುತ್ತದೆ: "ಮಾಸ್ಟ್ರೇ, ಕಡಿಮೆ ರೇಟಿನ ಟೇಬಲ್ ಸಾ ಯಾವುದು ಒಳ್ಳೆಯದು?"

ನಮ್ಮ ಉತ್ತರ ಕೇಳಿ ತುಂಬಾ ಜನ ಮುಖ ಸಿಂಡರಿಸುತ್ತಾರೆ. ಆದರೂ ಹೇಳುತ್ತೇವೆ. ನಿಮ್ಮ ದುಡ್ಡಿಗೆ ರೈವಿಂಗ್ ನೈಫ್ ಇರುವ ಟೇಬಲ್ ಸಾ ಬರುವುದಿಲ್ಲವಾದರೆ, ಟೇಬಲ್ ಸಾ ಬೇಡವೇ ಬೇಡ.

ರೈವಿಂಗ್ ನೈಫ್ ಅಂದರೆ ಬ್ಲೇಡಿನ ಬೆನ್ನಿಗೆ ತಾಗಿದಂತೆ ನಿಲ್ಲುವ ಬಾಗಿದ ಉಕ್ಕಿನ ತಗಡು. ನಾವು ಅದನ್ನು 'ಬೆನ್ನಲಗು' ಅನ್ನುತ್ತೇವೆ. ಬ್ಲೇಡು ಮೇಲೆ ಹೋದರೆ ಅದೂ ಮೇಲೆ, ಕೆಳಗಿಳಿದರೆ ಅದೂ ಕೆಳಗೆ. ನೋಡಲು ಏನೂ ಅಲ್ಲ. ಅಂಗಡಿಯವನು ಅದರ ಸುದ್ದಿಯನ್ನೇ ಎತ್ತುವುದಿಲ್ಲ. ಅವನು ಹೇಳುವುದು ವ್ಯಾಟು, ಹಾರ್ಸ್ ಪವರ್, ಡಿಸ್ಕೌಂಟು.

ಆ ತಗಡು ಯಾಕೆ ಬೇಕು? ಟೇಬಲ್ ಸಾದಲ್ಲಿ ಬ್ಲೇಡಿನ ಮುಂದಿನ ಹಲ್ಲುಗಳು ಮರವನ್ನು ಕೆಳಕ್ಕೆ ಒತ್ತುತ್ತವೆ, ಹಿಂದಿನ ಹಲ್ಲುಗಳು ಮೇಲಕ್ಕೆ ಏಳುತ್ತವೆ. ಹಸಿ ಮರವೋ ಒಳಗೆ ಬಿಗಿತ ಇರುವ ಮರವೋ ಆದರೆ, ಸೀಳಿದ ಮೇಲೆ ಎರಡು ಹೋಳುಗಳೂ ಮತ್ತೆ ಹತ್ತಿರ ಬಂದು ಬ್ಲೇಡನ್ನು ಕಚ್ಚುತ್ತವೆ. ಆಗ ಹಿಂದಿನ ಹಲ್ಲು ಹಲಗೆಯನ್ನು ಎತ್ತಿ ನಿಮ್ಮ ಕಡೆಗೇ ಎಸೆಯುತ್ತದೆ. ಎಷ್ಟು ವೇಗದಲ್ಲಿ? ಮಕ್ಕಳ ಲೆಕ್ಕವೇ ಸಾಕು. 10 ಇಂಚಿನ ಬ್ಲೇಡಿನ ಸುತ್ತಳತೆ ಸುಮಾರು 80 ಸೆಂಟಿಮೀಟರ್. ನಿಮಿಷಕ್ಕೆ 4,000 ಸುತ್ತು ಅಂದರೆ ಹಲ್ಲಿನ ವೇಗ ಗಂಟೆಗೆ ಸುಮಾರು 190 ಕಿಲೋಮೀಟರ್! ಹಲಗೆ ಹಾರುವುದು ಒಂದು ಅಪಾಯ. ಹಲಗೆಯನ್ನು ತಳ್ಳುತ್ತಿದ್ದ ಕೈ ಅದರೊಟ್ಟಿಗೆ ಬ್ಲೇಡಿನ ಮೇಲಕ್ಕೆ ಜಾರುವುದು ಅದಕ್ಕಿಂತ ದೊಡ್ಡ ಅಪಾಯ. ಬೆನ್ನಲಗು ಆ ಸೀಳನ್ನು ಮುಚ್ಚಿಕೊಳ್ಳಲು ಬಿಡುವುದಿಲ್ಲ. ಇಷ್ಟೇ ಅದರ ಕೆಲಸ.

"ಅಷ್ಟೆಲ್ಲಾ ದುಡ್ಡು ಯಾಕೆ ಮಾಸ್ಟ್ರೇ, ನಾವೇ ಮಾಡಿಕೊಳ್ಳುತ್ತೇವೆ" ಅನ್ನುವವರಿದ್ದಾರೆ. ಹೇಗೆ ಮಾಡುತ್ತಾರೆ? ಕೈಯಲ್ಲಿ ಹಿಡಿಯುವ ಸರ್ಕ್ಯುಲರ್ ಸಾವನ್ನು ಪ್ಲೈವುಡ್ಡಿನ ಅಡಿಗೆ ತಲೆಕೆಳಗಾಗಿ ಬಿಗಿಯುತ್ತಾರೆ. ತಾನೇ ಮುಚ್ಚಿಕೊಳ್ಳುವ ಗಾರ್ಡನ್ನು ಸರಿಗೆಯಿಂದ ಕಟ್ಟುತ್ತಾರೆ, ಒತ್ತಿ ಹಿಡಿಯಬೇಕಾದ ಸ್ವಿಚ್ಚನ್ನು ಕೇಬಲ್ ಟೈ ಹಾಕಿ ಬಿಗಿಯುತ್ತಾರೆ. ಕಂಪನಿಯವರು ಕೊಟ್ಟ ಎರಡು ರಕ್ಷಣೆಗಳನ್ನೂ ನಾವೇ ಕೈಯಾರೆ ಕೊಂದ ಹಾಗಾಯಿತು. ಇನ್ನು ಕೆಲಸದ ನಡುವೆ ಕರೆಂಟು ಹೋಯಿತು ಅನ್ನಿ. ನಮ್ಮ ಮಳೆಗಾಲದಲ್ಲಿ ಅದೇನು ಅಪರೂಪವೇ? ಬ್ಲೇಡು ನಿಂತಿತು, ನೀವು ಸಿಕ್ಕಿಕೊಂಡ ಚೂರು ತೆಗೆಯಲು ಕೈ ಹಾಕಿದಿರಿ, ಆಗ ಕರೆಂಟು ಬಂತು. ಮುಂದಿನದನ್ನು ಬರೆಯುವುದು ಬೇಡ.

ಇದಕ್ಕಿಂತ ಕೆಟ್ಟದ್ದು ಗ್ರೈಂಡರಿಗೆ ಮರದ ಬ್ಲೇಡು ಹಾಕುವುದು. ನಾಲ್ಕಿಂಚಿನ ಗ್ರೈಂಡರು ನಿಮಿಷಕ್ಕೆ ಸುಮಾರು 11,000 ಸುತ್ತು ತಿರುಗುತ್ತದೆ. ಅದು ಕಬ್ಬಿಣ, ಕಲ್ಲು ಉಜ್ಜುವುದಕ್ಕೆ, ಕೊಯ್ಯುವುದಕ್ಕೆ ಇರುವಂಥದ್ದು. ಹಲ್ಲಿರುವ ಗರಗಸದ ಬ್ಲೇಡು ಹಾಕಲೇಬಾರದೆಂದು ಗ್ರೈಂಡರಿನ ಕೈಪಿಡಿಗಳಲ್ಲೇ ಅಚ್ಚಾಗಿರುತ್ತದೆ. ಓದುವವರು ಯಾರು? ವೀಡಿಯೋದಲ್ಲಿ ಯಾರೋ ಕೊಯ್ದು ತೋರಿಸಿದರೆ ಮುಗಿಯಿತು, ಅದೇ ವೇದವಾಕ್ಯ.

"ನಮ್ಮ ಆಚಾರಿಗಳು ಮೂವತ್ತು ವರ್ಷದಿಂದ ಗಾರ್ಡು ಇಲ್ಲದೆ ಕೊಯ್ಯುತ್ತಿಲ್ಲವೇ?" ಇದು ಎಲ್ಲರ ಕೊನೆಯ ಬಾಣ. ಕೊಯ್ಯುತ್ತಿದ್ದಾರೆ ಸ್ವಾಮಿ. ಮರದ ಮಿಲ್ಲಿಗೆ ಹೋದಾಗ ಹಳಬರ ಕೈಗಳನ್ನೊಮ್ಮೆ ನೋಡಿ ಬನ್ನಿ, ಎಲ್ಲರಿಗೂ ಹತ್ತು ಬೆರಳಿವೆಯೇ ಎಂದು. ಅವರಿಗೆ ದಿನವೂ ಅದೇ ಕೆಲಸ, ಮರದ ಸದ್ದಿನಲ್ಲೇ ಅಪಾಯ ತಿಳಿಯುತ್ತದೆ. ಭಾನುವಾರ ಮಾತ್ರ ಶೆಡ್ಡಿಗೆ ಇಳಿಯುವ ನಮಗೆ ಆ ಕಿವಿ ಎಲ್ಲಿಂದ ಬರಬೇಕು? ಅಮೆರಿಕದಲ್ಲಿ 2015ರ ಒಂದೇ ವರ್ಷ ಟೇಬಲ್ ಸಾ ಬ್ಲೇಡು ತಾಗಿ ತುರ್ತು ಚಿಕಿತ್ಸೆಗೆ ಹೋದವರು 30 ಸಾವಿರಕ್ಕೂ ಹೆಚ್ಚು ಎಂದು ಅಲ್ಲಿನ ಸರಕಾರಿ ಅಂದಾಜು. ಚರ್ಮ ತಾಗಿದ ಕೂಡಲೇ ಬ್ಲೇಡು ನಿಲ್ಲುವ ಯಂತ್ರ 2004ರಿಂದಲೇ ಮಾರಾಟಕ್ಕಿರುವ ದೇಶದ ಕಥೆ ಇದು.

ಹಾಗಾದರೆ ಕೊಳ್ಳುವವರು ಏನು ನೋಡಬೇಕು?

ಮೊದಲನೆಯದು ಬೆನ್ನಲಗು ಮತ್ತು ಬ್ಲೇಡಿನ ಮೇಲಿನ ಗಾರ್ಡು. ಬೆನ್ನಲಗು ಬ್ಲೇಡಿನ ತಗಡಿಗಿಂತ ದಪ್ಪ, ಹಲ್ಲು ಕೊಯ್ಯುವ ಸೀಳಿಗಿಂತ ತೆಳು ಇರಬೇಕು. ಎರಡನೆಯದು ಫೆನ್ಸ್, ಅಂದರೆ ಹಲಗೆ ಒರಗಿ ಸಾಗುವ ಪಟ್ಟಿ. ಅಂಗಡಿಯಲ್ಲೇ ಬಿಗಿದು ಅಲುಗಾಡಿಸಿ ನೋಡಿ. ಬ್ಲೇಡಿಗೆ ಸಮಾನಾಂತರವಾಗಿ ನಿಲ್ಲದ ಫೆನ್ಸ್ ಮರವನ್ನು ಬ್ಲೇಡಿಗೆ ಒತ್ತುತ್ತದೆ. ಮೂರನೆಯದು ಸ್ವಿಚ್ಚು. ಮೊಣಕಾಲಿನಿಂದ ತಳ್ಳಿದರೂ ಆರುವ ದೊಡ್ಡ ಕೆಂಪು ಗುಂಡಿ ಬೇಕು, ಕರೆಂಟು ಹೋಗಿ ಬಂದರೆ ತಾನಾಗಿ ಶುರುವಾಗಬಾರದು. ನಾಲ್ಕನೆಯದು ನಿಮ್ಮ ಮನೆಯ ವಯರಿಂಗ್. 1,800 ವ್ಯಾಟಿನ ಮೋಟಾರು 230 ವೋಲ್ಟಿನಲ್ಲಿ ಸುಮಾರು 8 ಆಂಪಿಯರ್ ಎಳೆಯುತ್ತದೆ. 6 ಆಂಪಿಯರಿನ ಸಣ್ಣ ಪ್ಲಗ್ಗು ಸಾಲದು, 16 ಆಂಪಿಯರಿನದೇ ಬೇಕು. ಅರ್ತಿಂಗ್ ಸರಿ ಇರಬೇಕು.

ಬ್ಲೇಡಿನ ವಿಷಯದಲ್ಲಿ ಜಿಪುಣತನ ಬೇಡ. ಉದ್ದಕ್ಕೆ ಸೀಳಲು 24 ಹಲ್ಲಿನದು, ಪ್ಲೈವುಡ್ಡಿಗೆ 60 ಹಲ್ಲಿನದು, ಒಂದೇ ಬ್ಲೇಡು ಕೊಳ್ಳುವುದಾದರೆ 40 ಹಲ್ಲಿನದು. ಹಳೆ ಪಕ್ಕಾಸಿನಲ್ಲಿ ಮೊಳೆ ಇರುತ್ತದೆ, ಅಯಸ್ಕಾಂತ ಹಿಡಿದು ಹುಡುಕಿ ಕಿತ್ತ ಮೇಲೆಯೇ ಕೊಯ್ಯಿರಿ. ತಳ್ಳಲು ಕೋಲು ಇಟ್ಟುಕೊಳ್ಳಿ. ಕೈಗೆ ಗ್ಲೌಸು ಹಾಕಬೇಡಿ, ಬ್ಲೇಡು ಅದನ್ನು ಕೈ ಸಮೇತ ಎಳೆಯುತ್ತದೆ. ಮೂಗಿಗೆ ಮಾಸ್ಕ್ ಇರಲಿ. ಮರದ ಹುಡಿ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಯಲ್ಲಿದೆ.

ಇಷ್ಟೆಲ್ಲಾ ಇರುವ ಯಂತ್ರ ಗ್ರೈಂಡರಿನ ಹತ್ತು ಪಟ್ಟಿಗೂ ಹೆಚ್ಚು ಬೆಲೆ ಬಾಳುತ್ತದೆ. ಅಷ್ಟು ದುಡ್ಡಿಲ್ಲವೇ? ನಾಚಿಕೆ ಏನೂ ಇಲ್ಲ. ದಪ್ಪ ಮರವನ್ನು ಮಿಲ್ಲಿನಲ್ಲೇ ಸೀಳಿಸಿ ತನ್ನಿ. ಪ್ಲೈವುಡ್ಡಿಗೆ ಸರ್ಕ್ಯುಲರ್ ಸಾವನ್ನು ಅದರ ಗಾರ್ಡಿನ ಸಮೇತ, ನೇರ ಪಟ್ಟಿಯೊಂದನ್ನು ಕ್ಲಾಂಪು ಹಾಕಿ ಬಿಗಿದು, ನೆಟ್ಟಗೆ ಹಿಡಿದು ಬಳಸಿ. ಉಳಿದದ್ದಕ್ಕೆ ಕೈಗರಗಸ ಇದೆ. ಮನೆಗೆ ಬೇಕಾದ ಕಪಾಟು ಇಷ್ಟರಲ್ಲೇ ಆಗುತ್ತದೆ. ಅಗ್ಗ ಸಿಕ್ಕಿತೆಂದು ಮುಗ್ಗಿದ ಜೋಳ ಕೊಂಡರೆ ಹೆಚ್ಚೆಂದರೆ ಹೊಟ್ಟೆ ಕೆಡುತ್ತದೆ. ಗರಗಸದ ಲೆಕ್ಕ ಹಾಗಲ್ಲ.

ಕೊನೆಯದಾಗಿ ನಮ್ಮದೇ ಶಾಲೆಗಳಿಗೆ ಒಂದು ಮಾತು. ಪೆಟ್ಟಿಗೆಯೊಳಗಿನ ಕೈಪಿಡಿ ಇಂಗ್ಲಿಷಿನಲ್ಲಿರುತ್ತದೆ, ಹೆಚ್ಚೆಂದರೆ ಹಿಂದಿಯಲ್ಲಿ. ಕನ್ನಡದಲ್ಲಿ ಕಲಿತು ಕೈಕೆಲಸಕ್ಕೆ ಇಳಿದ ಹುಡುಗ ಅದನ್ನು ಮಡಚಿ ಮೂಲೆಗೆ ಹಾಕುತ್ತಾನೆ. ತಪ್ಪು ಅವನದಲ್ಲ. ರಾಜ್ಯೋತ್ಸವಕ್ಕೆ ಭಾಷಣ ಬರೆದುಕೊಡುವ ನಾವು, ಗರಗಸದ ಮುಂದೆ ಹೇಗೆ ನಿಲ್ಲಬೇಕು ಎಂಬುದನ್ನು ಒಂದು ಪುಟ ಕನ್ನಡದಲ್ಲಿ ಬರೆದು ಗೋಡೆಗೆ ಅಂಟಿಸಲಾರೆವೇ? ಭಾಷೆ ಉಳಿಸಬೇಕು ಎಂದು ಕೂಗುತ್ತೇವೆ. ಆ ಭಾಷೆ ಒಬ್ಬ ಹುಡುಗನ ಬೆರಳನ್ನಾದರೂ ಉಳಿಸಲಿ. ಮುಂದಿನ ಮೇಳದ ತಯಾರಿ ಶುರುವಾಗುವ ಮೊದಲೇ ಆ ಪುಟ ಪ್ರತಿ ಕನ್ನಡ ಶಾಲೆಯ ಗೋಡೆಯಲ್ಲಿರಬೇಕು ಎಂಬುದು ನಮ್ಮ ಒತ್ತಾಯ.