ಗೃಹೋಪಯೋಗಿ ವಿಚಾರಗಳು: ಮೋಟಾರಿನೊಳಗಿನ ಫೋನು

ಶಲವಡಿಯಂಥ ಎರೆನಾಡಿನ ಊರುಗಳಲ್ಲಿ ಮೋಟಾರು ಇಂದು ಕೇವಲ ಶ್ರೀಮಂತರ ಸೊತ್ತಾಗಿ ಉಳಿದಿಲ್ಲ. ಕಡಲೆ, ಹತ್ತಿ, ಉಳ್ಳಾಗಡ್ಡಿಗಳ ವ್ಯವಹಾರಕ್ಕಾಗಿ ಅಮರಗೋಳದ ಮಾರುಕಟ್ಟೆಗೆ, ರೋಗಿಗಳನ್ನು ಕರೆದುಕೊಂಡು ಹುಬ್ಬಳ್ಳಿಯ ಆಸ್ಪತ್ರೆಗೆ, ಮಕ್ಕಳ ಸಲುವಾಗಿ ಧಾರವಾಡದ ವಿದ್ಯಾಲಯಗಳಿಗೆ ಮೋಟಾರಿನಲ್ಲಿ ಹೋಗಿಬರುವ ಮನೆತನಗಳು ಬಹಳ. ಮೋಟಾರು ಹೊರಟ ಕೂಡಲೆ ಫೋನೂ ಬೆನ್ನು ಹತ್ತುವದು. ದಲಾಲರು ಕರೆಯುವರು, ಬೀಗರು ಕರೆಯುವರು. ಎಲ್ಲರಿಗಿಂತ ಹೆಚ್ಚಾಗಿ ಮನೆಯವರೇ ಕರೆಯುವರು. ಆದುದರಿಂದ ಫೋನನ್ನು ಕೈಯಲ್ಲಿ ಹಿಡಿಯದೆ ಮಾತನಾಡಲು ಅನುಕೂಲವಾದ ಹ್ಯಾಂಡ್ಸ್-ಫ್ರೀ ಸಲಕರಣೆಯ ವಿಷಯವಾಗಿ ಈ ತಿಂಗಳು ಕೆಲವು ಮಾತು ಬರೆಯುತ್ತೇವೆ.

ಮೊದಲು ಕಾಯದೆಯ ಮಾತು. 1988ರ ಮೋಟಾರು ವಾಹನ ಕಾಯದೆಗೆ 2019ರಲ್ಲಿ ಆದ ತಿದ್ದುಪಡಿಯ ಪ್ರಕಾರ, ಫೋನನ್ನು ಕೈಯಲ್ಲಿ ಹಿಡಿದು ವಾಹನ ನಡೆಸುವದು 184ನೆಯ ಕಲಮಿನಲ್ಲಿ ಅಪಾಯಕರ ಚಾಲನೆಯ ಅಪರಾಧ. ಮೊದಲನೆಯ ತಪ್ಪಿಗೇ ದಂಡವಲ್ಲದೆ ಸೆರೆವಾಸವನ್ನೂ ವಿಧಿಸಬಹುದು. 2020ರ ಅಕ್ಟೋಬರದಿಂದ ಜಾರಿಗೆ ಬಂದ ನಿಯಮವು ದಾರಿ ನೋಡಿಕೊಳ್ಳುವದಕ್ಕೆ ಮಾತ್ರ, ಅದೂ ಚಾಲಕನ ಚಿತ್ತ ಕದಡದಂತೆ, ಫೋನಿನ ಉಪಯೋಗವನ್ನು ಒಪ್ಪಿದೆ.

ಈಚಿನ ಹಲವು ಮೋಟಾರುಗಳಲ್ಲಿ ಬ್ಲೂಟೂತ್ ಏರ್ಪಾಡು ಮೊದಲೇ ಇರುವದು. ಇದು ಸುಮಾರು 10 ಮೀಟರಿನೊಳಗೆ ಎರಡು ಯಂತ್ರಗಳನ್ನು ತಂತಿಯಿಲ್ಲದೆ ಜೋಡಿಸುವ ಅಲ್ಪಶಕ್ತಿಯ ರೇಡಿಯೋ. ಹಳೆಯ ಮೋಟಾರನ್ನು ಕೊಂಡವರಿಗೆ ಮೂರು ದಾರಿಗಳಿವೆ. ಸಾಕೆಟ್ಟಿಗೆ ಚುಚ್ಚುವ ಎಫ್.ಎಂ. ಯಂತ್ರವು ಎಲ್ಲಕ್ಕೂ ಅಗ್ಗ. ಆದರೆ ಪಟ್ಟಣ ಸಮೀಪಿಸಿದಂತೆ ರೇಡಿಯೋ ಕೇಂದ್ರಗಳ ಧ್ವನಿ ನಡುವೆ ನುಗ್ಗಿ ಗೊರಗೊರ ಶಬ್ದವಾಗುವದು. ಬಿಸಿಲುಮರೆಗೆ ಸಿಕ್ಕಿಸುವ ಸ್ಪೀಕರಿಗೆ ತಂತಿಯ ಗೊಡವೆಯಿಲ್ಲ. ಆದರೆ ಅದರೊಳಗಿನ ಬ್ಯಾಟರಿಯು ನಮ್ಮ ವೈಶಾಖದ ಬಿಸಿಲಿಗೆ ಬೇಗ ಕೆಡುವದು. ಬ್ಲೂಟೂತ್ ಇದ್ದು ಪ್ರತ್ಯೇಕ ಮೈಕು ಕೂಡಿಸುವ ಸ್ಟೀರಿಯೋ ತುಸು ಖರ್ಚಿನದಾದರೂ ಬಹುಕಾಲ ಬಾಳತಕ್ಕದ್ದು.

ಅಂಗಡಿಯಲ್ಲಿ ನಿಂತು ಕೇಳಿದರೆ ಎಲ್ಲವೂ ಚೆನ್ನಾಗಿಯೇ ಕೇಳುವವು. ಕೊಳ್ಳುವ ಮುನ್ನ ಇನ್ನೊಬ್ಬರ ಕೈಯಲ್ಲಿ ಮೋಟಾರು ನಡೆಸಲು ಕೊಟ್ಟು, ಗಾಳಿಯಂತ್ರವನ್ನು ಜೋರಾಗಿಟ್ಟು, ಮನೆಗೆ ಕರೆ ಮಾಡಿ ತಮ್ಮ ಮಾತು ಅಲ್ಲಿ ಸ್ಪಷ್ಟವಾಗಿ ಕೇಳುವದೋ ಎಂದು ವಿಚಾರಿಸಬೇಕು. ನೋಡದೆಯೇ ಒತ್ತಬಹುದಾದ ಒಂದು ದೊಡ್ಡ ಗುಂಡಿ ಇರುವದೇ ಲೇಸು. ಗಾಜಿನ ಮೇಲೆ ಬೆರಳಾಡಿಸಿ ಹುಡುಕಬೇಕಾದ ಚಿತ್ರಗಳು ಎಷ್ಟು ಅಂದವಾಗಿದ್ದರೂ ಬೇಡ.

ಸ್ಟೀರಿಯೋವನ್ನು ಕೂಡಿಸುವ ಕೆಲಸವನ್ನು ಬಲ್ಲ ಇಲೆಕ್ಟ್ರಿಶಿಯನ್ನನಿಂದಲೇ ಮಾಡಿಸಬೇಕು. ಆದರೂ ಮನೆಯವರಿಗೆ ಅದರ ಪರಿಚಯವಿರಬೇಕು. ಬ್ಯಾಟರಿಯ ಋಣ ತಂತಿಯನ್ನು ಬಿಚ್ಚಿದ ಮೇಲೆಯೇ ಕೈ ಹಾಕತಕ್ಕದ್ದು. ಸ್ಟೀರಿಯೋದ ತಂತಿಗಳಲ್ಲಿ ಹಳದಿಯದು ಸಾಮಾನ್ಯವಾಗಿ ಯಾವಾಗಲೂ 12 ವೋಲ್ಟಿನ ಪ್ರವಾಹವುಳ್ಳದ್ದು. ಕೆಂಪಿನದು ಕೀಲಿ ತಿರುವಿದಾಗ ಮಾತ್ರ. ಕಪ್ಪಿನದು ಮೋಟಾರಿನ ಕಬ್ಬಿಣಕ್ಕೆ ಸೇರುವದು. ಕೆಂಪನ್ನು ಹಳದಿಗೆ ಕೂಡಿಸಿಬಿಟ್ಟರೆ, ಕೀಲಿ ತೆಗೆದ ಮೇಲೂ ಯಂತ್ರವು ಎಚ್ಚರವಾಗಿಯೇ ಇದ್ದು ಬ್ಯಾಟರಿಯನ್ನು ಬರಿದುಮಾಡುವದು. ತಂತಿ ಕತ್ತರಿಸಿ ಟೇಪು ಸುತ್ತುವದಕ್ಕಿಂತ ಆಯಾ ಮೋಟಾರಿಗೆ ತಕ್ಕ ಜೋಡಣೆಯನ್ನು ಕೊಳ್ಳುವದು ಮೇಲು. ಫ್ಯೂಜನ್ನು ಎಂದೂ ಬಿಡಕೂಡದು. ಮೈಕು ಚಾಲಕನ ಬಾಯಿಗೆ ಸಮೀಪವಾಗಿ, ಗಾಳಿ ಬೀಸುವ ಕಿಂಡಿಗೆ ದೂರವಾಗಿ ಇರಲಿ. ಏರ್‌ಬ್ಯಾಗ್ ಅಡಗಿರುವ ಕಡೆ ಯಾವ ತಂತಿಯನ್ನೂ ಆಸರೆಯನ್ನೂ ಹಚ್ಚಬಾರದು. ಅದು ಉಬ್ಬುವ ರಭಸಕ್ಕೆ ಆ ವಸ್ತುವು ಮುಖಕ್ಕೇ ಬಡಿದೀತು.

ಇಷ್ಟೆಲ್ಲ ಮಾಡಿದ ಮೇಲೆ ಅಪಾಯ ತೀರಿತೆಂದು ತಿಳಿಯುವವರು ಅನೇಕರು. ವಿಚಾರವಂತರ ಶೋಧನೆಗಳು ಹಾಗೆ ಹೇಳುವದಿಲ್ಲ. ಕೆನಡಾದ ಟೊರಾಂಟೊದಲ್ಲಿ ಅಪಘಾತಕ್ಕೀಡಾದ 699 ಚಾಲಕರ ಫೋನಿನ ಲೆಕ್ಕವನ್ನು ಪರೀಕ್ಷಿಸಿ 1997ರಲ್ಲಿ ಪ್ರಕಟಿಸಿದ ಶೋಧನೆಯಂತೆ, ಫೋನಿನಲ್ಲಿ ಮಾತನಾಡುವಾಗ ಡಿಕ್ಕಿಯ ಸಂಭವವು ಸುಮಾರು ನಾಲ್ಕು ಪಟ್ಟು. ಕೈಯಲ್ಲಿ ಹಿಡಿಯದ ಫೋನೂ ಹೆಚ್ಚು ಸುರಕ್ಷಿತವೆಂದು ಅಲ್ಲಿ ಕಂಡುಬರಲಿಲ್ಲ. 2005ರಲ್ಲಿ ಆಸ್ಟ್ರೇಲಿಯದ ಪರ್ತ್ ನಗರದ ಶೋಧನೆಯೂ ಇದನ್ನೇ ಹೇಳಿತು. ಕಾರಣವು ಸರಳವಾದುದು: ಕೈ ಬಿಡುವಾದರೂ ಚಿತ್ತವು ಬಿಡುವಾಗುವದಿಲ್ಲ. ತಾಸಿಗೆ 60 ಕಿಲೋಮೀಟರಿನಂತೆ ಹೋಗುವ ಮೋಟಾರು ಮೂರು ಸೆಕೆಂಡಿನಲ್ಲಿ 50 ಮೀಟರು ಸಾಗುವದು. ನಮ್ಮ ದಾರಿಗಳಲ್ಲಿ ಹಿಂದೀಪವಿಲ್ಲದ ಟ್ರ್ಯಾಕ್ಟರೋ, ಚಕ್ಕಡಿಯೋ, ರಸ್ತೆಯ ಮೇಲೆ ಹಾಸಿದ ರಾಶಿಯೋ ಎದುರಾಗಲು ಅಷ್ಟು ದೂರ ಸಾಕು.

ಮಗ್ಗುಲಲ್ಲಿ ಕುಳಿತವರು ಎದುರಿನ ಚಕ್ಕಡಿಯನ್ನು ಕಂಡ ಕೂಡಲೆ ಮಾತು ನಿಲ್ಲಿಸುವರು. ಮನೆಯಲ್ಲಿ ಕುಳಿತು ಫೋನು ಮಾಡಿದವರಿಗೆ ಅದು ಕಾಣಿಸದು. ಅವರು ಕೇಳುತ್ತಲೇ ಇರುವರು, ಚಾಲಕನು ಉತ್ತರಿಸುತ್ತಲೇ ಇರುವನು. ಆದುದರಿಂದ ಈ ಸಲಕರಣೆಯ ಅರ್ಧ ಉಪಯೋಗವು ಮನೆಯವರ ಕೈಯಲ್ಲಿದೆ. "ಎಲ್ಲಿಗೆ ಬಂದಿರಿ? ಊಟಕ್ಕೆ ಇಡಲೇ?" ಎಂಬ ಅಕ್ಕರೆಯ ಪ್ರಶ್ನೆಯೂ ಹೊತ್ತಲ್ಲದ ಹೊತ್ತಿನಲ್ಲಿ ಕುತ್ತು ತಂದೀತು.

ಪ್ರತಿಯೊಂದು ಮನೆತನವೂ ಹೀಗೆ ಒಪ್ಪಂದ ಮಾಡಿಕೊಳ್ಳಲಿ. ಹೊರಡುವಾಗ ಒಂದು ಕರೆ, ತಲುಪಿದಾಗ ಒಂದು ಕರೆ. ನಡುವೆ ಬಂದ ಕರೆಗೆ "ವಾಹನ ನಡೆಸುತ್ತಿದ್ದೇನೆ" ಎಂದು ತಾನಾಗಿಯೇ ಉತ್ತರ ಕಳಿಸುವ ಏರ್ಪಾಡು ಅನೇಕ ಫೋನುಗಳಲ್ಲಿದೆ. ಅದನ್ನು ಮೋಟಾರು ಹೊರಡುವ ಮೊದಲೇ ಹಚ್ಚಿಡಬೇಕು. ನಿಜವಾಗಿ ತುರ್ತಿದ್ದರೆ ಮನೆಯವರು ಬೆನ್ನುಬೆನ್ನಿಗೆ ಎರಡು ಸಲ ಕರೆಯಲಿ. ಆಗ ಚಾಲಕನು ಒಂದೇ ಮಾತಿನಲ್ಲಿ "ನಿಲ್ಲಿಸಿ ಮಾತನಾಡುವೆ" ಎಂದು ಹೇಳಿ, ರಸ್ತೆಯ ಮಗ್ಗುಲಿಗೆ ಸುರಕ್ಷಿತವಾಗಿ ನಿಲ್ಲಿಸಿದ ಮೇಲೆ ಉಳಿದುದನ್ನು ಮಾತನಾಡಲಿ. ಹ್ಯಾಂಡ್ಸ್-ಫ್ರೀ ಸಲಕರಣೆಯನ್ನು ಆ ಒಂದು ಮಾತಿನ ಸಲುವಾಗಿ ಇಟ್ಟುಕೊಂಡ ಮನೆಗೆ ಅದರ ಬೆಲೆ ಸಾರ್ಥಕವಾದಂತೆ.